ಮಂಗಳವಾರದ ನಡಾವಳಿ

ಹಾಜರು: ಏಳು ಜನ. ಗೈರು: ಬ್ಲೊದ್ವೆನ್, ಮಂಡಿನೋವು.
ಸ್ಥಳ: ಪೆನ್‌ಹೆಲಿಗ್ ಚಾಪೆಲ್ಲಿನ ಹಿಂಗೋಣೆ.
ಹೀಟರಿಗೆ ನಾಣ್ಯ ಹಾಕಿದ್ದು, ಎಂದಿನಂತೆ, ನಾನೇ.
ಕಿಟಕಿಯಾಚೆ ಕಡಲು ತನ್ನ ವರದಿ ಓದುತ್ತಿತ್ತು,
ಯಾರೂ ಅನುಮೋದಿಸಲಿಲ್ಲ.

ವಿಷಯ ಒಂದು: ಆಡುಗಳು.
ಗುಡ್ಡ ಇಳಿದು ಮತ್ತೆ ಬಂದಿವೆ,
ಬಡಗಣ ಗಾಳಿಗೆ ಬೆನ್ನು ಕೊಟ್ಟು
ಬೇಸಿಗೆಗೆ ಮಾತ್ರ ತೆರೆಯುವ ಐಸ್‌ಕ್ರೀಮ್ ಅಂಗಡಿಯ
ಮಾಡಿನ ಕೆಳಗೆ ಮಲಗಿವೆ.
ಹನ್ನೊಂದು ಆಡು, ಒಂದು ಹೋತ.
ಹೋತನ ಗಡ್ಡದಲ್ಲಿ
ಡಾಕ್ಟರರ ಬೇಲಿಯ ಚೂರು.

ಎಲ್ಲಿಂದ ಬಂದವು ಇವು?
ಈ ಪ್ರಶ್ನೆಗೇ ಹುಟ್ಟಿದ್ದು ನಮ್ಮ ಇತಿಹಾಸ ಸಂಘ.
ಆಡು ಮುಟ್ಟದ ಸೊಪ್ಪಿಲ್ಲ,
ಇದ್ವಲ್ ಪ್ರೊದರೊ ಮುಟ್ಟದ ಕಥೆಯಿಲ್ಲ:
ಬಂಡೆಗೆ ಬಡಿದ ಹಡಗು, ಪೋರ್ಚುಗಲ್ಲಿನ ಕಪ್ತಾನ,
ಹಾಲಿಗೆಂದು ಡೆಕ್ಕಿನ ಮೇಲೆ ಕಟ್ಟಿದ್ದ ಆಡುಗಳು,
ಹಗ್ಗ ಕುಯ್ದ ಹದಿಮೂರರ ಹುಡುಗ.
ಹುಡುಗ ಹೋದ, ಆಡು ಈಜಿದವು.
ನಲವತ್ತು ವರ್ಷದಿಂದ ಮುಳುಗುತ್ತಿದೆ ಆ ಹಡಗು,
ಪ್ರತಿ ಸಲವೂ ಅಲೆ ಒಂದಡಿ ಎತ್ತರ.

ಹೆಲೆದ್ ಟೀಚರಿಗೆ ಬೇರೆ ಮತ:
ಜಮೀನ್ದಾರನಿಗೆ ಯಾವುದೋ ರಾಣಿ ಕೊಟ್ಟ ಉಡುಗೊರೆ.
ಕಾಗದ ಎಲ್ಲಿ ಎಂದರೆ, ಆಡು ತಿಂದಿರಬೇಕು.
(ನಗು. ಬರೆದುಕೊಳ್ಳಬೇಡ ಅಂದರು. ಬರೆದೆ.)

ವಿಷಯ ಎರಡು: ಹಳೇ ಸ್ಮಶಾನದ ಮೂಲೆಯ ಕಲ್ಲು.
ಮೇಲೆ ಹಬ್ಬಿದ ಐವಿ ಬಳ್ಳಿ ತೆಗೆಸಲು
ಕೌನ್ಸಿಲಿಗೆ ಮೂರು ವರ್ಷ ಅರ್ಜಿ ಹಾಕಿದೆವು.
ಅಡಿಯಲ್ಲಿ ಕಪ್ತಾನ ಸಿಗುತ್ತಾನೆಂದು ಇದ್ವಲ್ ಪಣ.
ಕಲ್ಲಿಗೆ ಹಾನಿಯಾದೀತು, ತಜ್ಞರು ಬೇಕು,
ತಜ್ಞರಿಗೆ ಹಣ ಬೇಕು, ಎಂದು ಉತ್ತರ.
ಹೋದ ಗುರುವಾರ ರಾತ್ರಿ ತಜ್ಞರು ಬಂದರು
ಕರೆಯದೆ, ಪುಕ್ಕಟೆ, ನಾಲ್ಕು ಕಾಲಿನ ಮೇಲೆ.

ಬೆಳಿಗ್ಗೆ ಕಲ್ಲು ಬೆತ್ತಲೆ.
ಎಲೆಯೆಲ್ಲ ಮುಗಿದು
ಮುದುಕಿಯ ಮುಂಗೈಯ ನರದಂಥ ಬಳ್ಳಿ.
ನಮ್ಮದೇ ಗಣಿಯ ಸ್ಲೇಟು. ಪಾಲಿಶ್ ಇಲ್ಲ.
ಸಂಜೆಯ ಬೆಳಕಲ್ಲಿ, ಕೂಲಿ ಮುಗಿಸಿ
ಯಾರೋ ಕದ್ದು ಕೆತ್ತಿದಂಥ ಸೊಟ್ಟ ಸಾಲು:
ಮಾರ್ಗೆಡ್.
ಗಂಡನ ಹೆಸರಿಲ್ಲ, ಇಸವಿ ಅರ್ಧ ಅಳಿದಿದೆ.
ದೇವರ ವಾಕ್ಯ ಇರಬೇಕಾದ ಕಡೆ:
ಬಾಗಿಲು ತೆರೆದವಳು.

ಸ್ವರ್ಗದ್ದು, ಎಂದರು ಪಾದ್ರಿ.

ವಿಷಯ ಮೂರು, ಪಟ್ಟಿಯಲ್ಲಿ ಇರಲಿಲ್ಲ.
ಗಣಿ ಕಂಪನಿಯ ಬಾಡಿಗೆ ಲೆಡ್ಜರು
ವಾರವಿಡೀ ತಿರುವಿದ್ದೆ, ಬೆರಳೆಲ್ಲ ಬೂಷ್ಟು.
ಎದ್ದು ನಿಂತು ಓದಿದೆ:
"ವಿಧವೆ ಮಾರ್ಗೆಡ್. ಬಾಡಿಗೆ ಬಾಕಿ, ಮೂರು ತಿಂಗಳು.
ಜಪ್ತಿಗೆ ಆಡು ಒಂಬತ್ತು.
ಮುಂಜಾನೆ ಹೋಗಿ ನೋಡಲಾಗಿ ದೊಡ್ಡಿ ಖಾಲಿ.
ಗುಡ್ಡದ ಮೇಲೆ ಕಂಡವು. ಹತ್ತಲಾಗಲಿಲ್ಲ."
ಅಷ್ಟಕ್ಕೆ ಪುಸ್ತಕ ಮುಚ್ಚಿದೆ.

"ಕೆಳಗೆ ರುಜು ಇದ್ದೀತಲ್ಲ, ಮೆರೆರಿದ್,"
ಇದ್ವಲ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟಿದ್ದರು.
"ಓದು."
ಅಮೀನನ ರುಜು.
ಓದಿದೆ: ಪ್ರೊದರೊ.

ಹೀಟರು ಆರಿತು. ನಾಣ್ಯಕ್ಕೆ ಯಾರೂ ಏಳಲಿಲ್ಲ.
"ನಮ್ಮಜ್ಜ ಹೇಳಿದ್ದರು, ಸಾಯುವ ವಾರ," ಅಂದರು ಇದ್ವಲ್.
"ಅಪ್ಪನ ಜೊತೆ ತಾನೂ ಹೋಗಿದ್ದನಂತೆ,
ಹಗ್ಗ ಹಿಡಿದುಕೊಳ್ಳಲು.
ಹದಿಮೂರು ವರ್ಷ."

ಇದನ್ನು ನಡಾವಳಿಗೆ ಸೇರಿಸಬೇಕೆ ಎಂದು ಕೇಳಿದೆ.
ಪರ ಮೂರು, ವಿರೋಧ ಮೂರು,
ಇದ್ವಲ್ ಕೈ ಎತ್ತಲಿಲ್ಲ.

ಹೊರಗೆ ಹೋತ ನಮ್ಮ ನೋಟೀಸು ಬೋರ್ಡಿನಿಂದ
ಮುಂದಿನ ಸಭೆಯ ದಿನಾಂಕ ಕಿತ್ತು ಮೆಲ್ಲುತ್ತಿತ್ತು.
ಇದ್ವಲ್ ಹತ್ತಿರ ಹೋಗಿ ನಿಂತರು, ಮೂರು ಮಾರು ದೂರ.
ಅದು ತಲೆ ಎತ್ತಿತು, ಹಳದಿ ಕಣ್ಣು, ಅಡ್ಡ ಪಾಪೆ,
ಮನುಷ್ಯನನ್ನು ನೋಡುವಂತೆ ನೋಡಿ
ಮತ್ತೆ ಕಾಗದಕ್ಕೆ ಬಾಯಿ ಹಾಕಿತು.

ಸಹಿ: ಮೆರೆರಿದ್, ಕಾರ್ಯದರ್ಶಿ.
ಬಾಕಿ ಉಳಿದದ್ದು: ಹೀಟರಿನ ನಾಣ್ಯ, ನನಗೆ ಬರಬೇಕು.